ದೋಣಿಯ ಉಡಿ

ಅಸೂಟಿಯ ಯಮನೂರಪ್ಪ ಹೆಂಡತಿ ಹೋದ ಮೇಲೂ ದೇವರ ಜೊತೆ ಮಾತು ಬಿಟ್ಟಿರಲಿಲ್ಲ. ಮಾತಿನ ನಡುವೆ ನಾಲ್ಕು ಬೈಗುಳ ಸೇರಿಕೊಂಡಿದ್ದವು, ಅಷ್ಟೇ. ಮುಂಜಾನೆ ಜಳಕ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಹನಮಪ್ಪನ ಗುಡಿಯ ಮುಂದೆ ನಿಲ್ಲುವನು. "ಏನಪಾ, ಆರಾಮ ಅದಿಯಲ್ಲ? ಇರು. ನೀ ಏನು ಹೇಣ್ತಿ ಮಾಡಿಕೊಂಡವನಲ್ಲ, ನಿನಗ ಹ್ಯಾಂಗ ತಿಳೀಬೇಕು ನನ್ನ ಸಂಕಟ" ಎಂದು ಮೂದಲಿಸಿ, ಆಮೇಲೆ ಬಗ್ಗಿ ಹಣೆ ನೆಲಕ್ಕೆ ಮುಟ್ಟಿಸಿ, ದೀಪಕ್ಕೆ ಎಣ್ಣೆ ಹಾಕಿ ಬರುವನು. ಪೂಜಾರಿ ಒಂದೆರಡು ದಿನ ಕಣ್ಣು ಬಿಟ್ಟು ನೋಡಿದ. ಎಣ್ಣೆ ತಪ್ಪದೆ ಬರುತ್ತಿದೆಯಲ್ಲ ಎಂದು ಸುಮ್ಮನಾದ.

ಸಕ್ರವ್ವ ಸತ್ತಿದ್ದೊಂದೇ ಸಂಕಟವಾಗಿದ್ದರೆ ಅತ್ತು ಹಗುರಾಗಬಹುದಿತ್ತು. ಅವಳು ಹೋಗುವಾಗ ಒಂದು ಕೆಲಸ ಹಚ್ಚಿ ಹೋಗಿದ್ದಳು.

ಅದು ಹಳೆಯ ಮಾತು. ಚೊಚ್ಚಲ ಬಸುರಿ ಸಕ್ರವ್ವ ತವರಿಗೆ ಹೊರಟಿದ್ದಳು. ತವರು ಮಲಪ್ರಭೆಯ ಆಚೆ ದಂಡೆಗೆ. ಆ ವರ್ಷ ಹೊಳೆ ಬಂದು ಕೊಣ್ಣೂರಿನ ಸೇತುವೆ ನೀರಿನೊಳಗೆ ಮುಳುಗಿ ಕೂತಿತ್ತು. ಹಿಂದಕ್ಕೆ ಹೋಗೋಣವೆಂದರೆ ಹೆರಿಗೆಯ ಬ್ಯಾನೆ ಶುರುವಾಯಿತು. ಅಂಬಿಗರ ಮಹಾಲಿಂಗಪ್ಪ ಒಲ್ಲೆ ಒಲ್ಲೆ ಎನ್ನುತ್ತಲೇ ಗಂಡ ಹೆಂಡತಿ ಇಬ್ಬರನ್ನೂ ದೋಣಿಯಲ್ಲಿ ಕೂರಿಸಿಕೊಂಡ. ನಡು ಹೊಳೆಯಲ್ಲಿ ದೋಣಿ ಗಿರಕಿ ಹೊಡೆಯಿತು. ಮಹಾಲಿಂಗಪ್ಪ ಶಿವನಾಮ ಬಿಟ್ಟು ಹೊಳೆಯ ತಾಯಿ, ಹೊಳೆಯ ಅಕ್ಕ, ಹೊಳೆಯ ಇಡೀ ಬಳಗವನ್ನು ತೆಗೆದು ಬೈಯತೊಡಗಿದ. ಯಮನೂರಪ್ಪ ಕಣ್ಣು ಮುಚ್ಚಿಕೊಂಡ. ಸಕ್ರವ್ವ ಮಾತ್ರ ನಡುವಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದು, "ಯವ್ವಾ ದೋಣೆವ್ವಾ, ನನ್ನ ಉಡಿ ಕಾಯಿ. ನಿನ್ನ ಉಡಿ ನಾ ತುಂಬತೀನಿ" ಎಂದು ಕೂಗಿ ಹೇಳಿದಳು.

ದೋಣಿ ಕಾಯಿತು. ತವರು ಮುಟ್ಟಿದ ಗಳಿಗೆಗೇ ಪರಶು ಹುಟ್ಟಿದ. ಈಗ ಅವನು ಗೋವಾದಲ್ಲಿ ಗೌಂಡಿ. ಊರವರ ಮನೆ ಕಟ್ಟುತ್ತಾನೆ, ತನ್ನ ಮನೆಯ ಮಾಳಿಗೆ ಸೋರುತ್ತದೆ.

ಬಾಣಂತನ ಮುಗಿಯುತ್ತಲೇ ಸಕ್ರವ್ವ ಗುಳೇದಗುಡ್ಡದ ಒಂದು ಖಣ ತಂದಳು. ಕುಬಸಕ್ಕೆ ಆಗುವ ಒಂದು ತುಂಡು, ಹಸಿರು ಮೈ, ಕೆಂಪು ದಡಿ. ಮುತ್ತೈದೆಯ ಉಡಿಯೊಳಗೆ, ಅಂದರೆ ಮಡಿಲೊಳಗೆ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು ಹಾಕಿ ಮೇಲೆ ಖಣ ಇಡುವುದು ಪದ್ಧತಿ. ದೋಣಿಗೂ ಅದೇ ಮರ್ಯಾದೆ ಆಗಲಿ ಎಂದು. ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಸುಗ್ಗಿ ಬಂತು, ಹತ್ತಿ ಬಿಡಿಸುವುದು ಬಂತು, ಇನ್ನೊಂದು ಬಸುರು ಬಂತು. ಬಸ್ಸಿನಲ್ಲಿ ಸೇತುವೆ ದಾಟುವಾಗಲೆಲ್ಲ ಸಕ್ರವ್ವ ಕಿಟಕಿಯಿಂದ ಕೈ ಮುಗಿದು, "ದೋಣೆವ್ವಾ, ಮುಂದಿನ ಸಲ ಖರೇನ ಬರತೀನಿ" ಎನ್ನುವಳು. ದೋಣೆವ್ವ ತಾಳ್ಮೆಯವಳು. ದೇವರುಗಳ ಪೈಕಿ, ಹರಕೆ ತಡವಾಯಿತೆಂದು ದವಾಖಾನೆಗೆ ಕಳಿಸದೆ ಕಾದವಳು ಅವಳೊಬ್ಬಳೇ. ಕಡೆಗೆ ಸಕ್ರವ್ವ ಹಾಸಿಗೆ ಹಿಡಿದಳು, ದೋಣಿ ಎತ್ತ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. "ದೋಣಿ ಹುಡಿಕಿ ಉಡಿ ತುಂಬಸ್ರಿ. ಖಣ ಟ್ರಂಕಿನಾಗೈತಿ. ಇಲ್ಲಂದ್ರ ನಾ ಆಚೀ ದಂಡಿ ಮುಟ್ಟಂಗಿಲ್ಲ" ಅಂದಳು. ಅದರ ಮರುದಿನವೇ ಹೊರಟು ಹೋದಳು.

ಯಮನೂರಪ್ಪ ಹುಟ್ಟಿದ್ದೇ ಹರಕೆಯಿಂದ. ಯಮನೂರಿನ ಉರುಸಿಗೆ ಅವ್ವ ಹೊತ್ತ ಹರಕೆಗೆ ಹುಟ್ಟಿ, ಆ ಊರ ಹೆಸರನ್ನೇ ಇಟ್ಟುಕೊಂಡವನು. ಹರಕೆ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಟ್ರಂಕು ತೆಗೆದು ಆ ಖಣವನ್ನು ಮೂಸಿದ ದಿನ ಅವನ ಮನಸ್ಸು ಕೆಟ್ಟಿತು. ಒಣಗಿದ ಬೇವಿನ ಎಲೆಯ ವಾಸನೆ, ಅದರ ಅಡಿಗೆ ಸಕ್ರವ್ವನ ತಲೆಯೆಣ್ಣೆಯ ವಾಸನೆ. ಅಂದಿನಿಂದ ಖಣ ಟ್ರಂಕಿಗೆ ಮರಳಲಿಲ್ಲ. ರಾತ್ರಿ ದಿಂಬಿನ ಕೆಳಗೆ, ಹಗಲು ಬನಿಯನ್ನಿನ ಒಳಗೆ ಎದೆಗೆ ಹತ್ತಿಕೊಂಡು ಇರುತ್ತಿತ್ತು.

ಹೀಗಿರುವಾಗ ಸಕ್ರವ್ವನ ತಂಗಿ ಸಿದ್ದವ್ವ ಒಂದು ದಿನ ಅಂಗಳದಿಂದಲೇ ಕೂಗುತ್ತ ಬಂದಳು.

"ಮಾವಾ, ಸಿಕ್ಕತಿ! ದೋಣಿ ಸಿಕ್ಕತಿ! ನಮ್ಮ ಚಿನ್ನು ಸಾಲಿ ಟ್ರಿಪ್ಪಿಗೆ ಹೋಗಿದ್ಲಲ್ಲ, ಕೊಣ್ಣೂರಾಗ ಹೊಳೀದು ಮ್ಯೂಜಿಯಂ ಮಾಡ್ಯಾರಂತ. ಅಲ್ಲೊಂದು ದೋಣಿ ಇಟ್ಟಾರಂತ, ಮೂತಿಗೆ ಎರಡು ಹಿತ್ತಾಳಿ ಕಣ್ಣು ಅದಾವಂತ. ಅಕ್ಕನ ದೋಣಿಗೂ ಹಿತ್ತಾಳಿ ಕಣ್ಣ ಇದ್ದೂ ಹೌದಲ್ಲ?"

"ಒಂದು ಕಣ್ಣು ಮೆಳ್ಳ ಇತ್ತು," ಅಂದ ಯಮನೂರಪ್ಪ.

"ಹಾಂ, ಮೆಳ್ಳಗಣ್ಣಿನ ದೋಣಿ ಅಂತಾನ ಹೇಳಿದ್ಲು! ಬಾ, ಸೋಮವಾರ ಹೋಗೂಣು. ಉಡಿ ಸಾಮಾನು ನೀ ತಗೋ, ತುಂಬಾಕ ನಾ ಬರತೀನಿ. ಮುತ್ತೈದಿನ ತುಂಬಬೇಕು. ನಮ್ಮ ಅಜ್ಜಪ್ಪ ಇದ್ದು ನನಗ ಆಗೋದು ಇದೊಂದ ಉಪಯೋಗ."

ಅಜ್ಜಪ್ಪ ಅವಳ ಗಂಡ. ಆ ಹೊತ್ತಿಗೆ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ. ಅಂದಿನ ಮಟ್ಟಿಗೆ ಅವನು ಜೀವಂತ ಇದ್ದದ್ದೇ ದೊಡ್ಡ ಪುಣ್ಯದ ಕೆಲಸವೆಂದು ಅವನಿಗೆ ಗೊತ್ತಾಗಲಿಲ್ಲ.

ದೋಣಿ ಸಿಕ್ಕಿತೆಂದು ಯಮನೂರಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ದೋಣಿ ಸಿಕ್ಕರೆ ಖಣ ಹೋಗುತ್ತದೆ. ರಾತ್ರಿ ಹೊರಳಾಡಿ ಮುಂಜಾನೆ ಹನಮಪ್ಪನ ಮುಂದೆ ನಿಂತು, "ನೋಡಪಾ, ದೋಣಿಗೆ ಬೇಕಾಗಿದ್ದು ಒಂದು ಖಣ. ಯಾವ ಖಣ ಅಂತ ಆಕಿ ಹೊಳಿಯಾಗ ಹೇಳಿಲ್ಲ. ನಾನ ಕೇಳೀನಿ. ನಿನಗೂ ಕೇಳಿರಬೇಕು" ಎಂದು ವಾದ ಹೂಡಿದ. ಹನಮಪ್ಪ ಎದುರು ವಾದ ಮಾಡಲಿಲ್ಲ. ಅದನ್ನೇ ಒಪ್ಪಿಗೆ ಎಂದು ಹಿಡಿದು ಯಮನೂರಪ್ಪ ರೋಣದ ಸಂತೆಗೆ ಹೋಗಿ, ಹಸಿರು ಮೈ ಕೆಂಪು ದಡಿಯದೇ ಇನ್ನೊಂದು ಖಣ ಕೊಂಡು ತಂದ. ಅದು ಇನ್ನೂ ಮಿಂಚುತ್ತಿತ್ತು, ಹಿಡಿದರೆ ಚರಚರ ಅನ್ನುತ್ತಿತ್ತು. ಅದನ್ನು ಉಡಿ ಸಾಮಾನಿನ ಗಂಟಿನಲ್ಲಿಟ್ಟ. ಹಳೆಯದು ಎದೆಯ ಮೇಲೆಯೇ ಉಳಿಯಿತು.

ಸೋಮವಾರ ಇಬ್ಬರೂ ರೋಣಕ್ಕೆ ಬಂದು ನರಗುಂದದ ಮೇಲೆ ಕೊಣ್ಣೂರಿಗೆ ಹೋಗುವ ಬಸ್ಸು ಹತ್ತಿದರು. ಸಿದ್ದವ್ವ ಆಧಾರ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಇಸಿದುಕೊಂಡು ಕಿಟಕಿಗೆ ಕೂತಳು.

"ಮಾವಾ, ನೀ ಹೆಣ್ಣಾಗಿ ಹುಟ್ಟಬೇಕಿತ್ತು ನೋಡು."

"ಹುಟ್ಟಿದ್ರ ನಿನ್ನ ಜೋಡಿ ಪುಕ್ಕಟೆ ತಿರಗಬೇಕಾಗತಿತ್ತು. ರೊಕ್ಕ ಕೊಟ್ಟು ಗಂಡಸಾಗಿ ಕುಂದ್ರೋದ ಚಲೋ."

ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಯಮನೂರಪ್ಪನ ಕೈ ಎದೆಗೆ ಹೋಗುತ್ತಿತ್ತು. ಮೂರನೆಯ ಗುಂಡಿಗೆ ಸಿದ್ದವ್ವ ನೋಡಿದಳು.

"ಯಾಕೋ ಮಾವಾ, ಎದಿ ಹಿಡದೈತೇನ?"

"ಇಲ್ಲ, ಗ್ಯಾಸು."

"ಗ್ಯಾಸಿಗೆ ಕೈ ಹೊಟ್ಟಿ ಬಿಟ್ಟು ಎದಿಗೆ ಯಾಕ ಹೋಕ್ಕತಿ? ನರಗುಂದದಾಗ ಇಳಿದು ದವಾಖಾನಿಗೆ ತೋರಸೂಣೇನು? ಹರಕಿ ತೀರಿಸಿ ಸಾಯಿ ಬೇಕಾರ. ಇಲ್ಲಂದ್ರ ಅಕ್ಕ ಅಲ್ಲಿ ನಿನಗ ಕಸಬರಿಗಿ ಹಿಡಕೊಂಡು ಕಾಯತಾಳ."

ಇಷ್ಟು ಹೇಳಿ ಅವಳು ಗಂಟಿನಿಂದ ಒಂದು ಉತ್ತತ್ತಿ ತೆಗೆದು ಬಾಯಿಗೆ ಹಾಕಿಕೊಂಡಳು. ದೇವರದು ಎಂದು ನೆನಪಾಗಿ, ನುಂಗಿ, ಕೈ ಮುಗಿದಳು.

ಕೊಣ್ಣೂರಿನ ಮ್ಯೂಜಿಯಂ ಹೊಳೆ ದಂಡೆಗೆ ಒಂದು ಹಳೆಯ ಗೋದಾಮಿನಲ್ಲಿತ್ತು. ಒಂದು ಕಾಲಕ್ಕೆ ರೋಣದ ಕಡೆಯಿಂದ ಬಂದ ಹತ್ತಿ, ಜೋಳ, ಕಡಲೆ ಎಲ್ಲ ಅಲ್ಲಿ ಇಳಿದು, ದೋಣಿ ಬರುವವರೆಗೆ ಕಾಯುತ್ತಿದ್ದವಂತೆ. ಆ ಗೋದಾಮಿನ ಸಾಹುಕಾರರ ಮೊಮ್ಮಕ್ಕಳು ಈಗ ಅದಕ್ಕೆ ಸುಣ್ಣ ಹೊಡೆಸಿ, ಅಜ್ಜನ ಹೆಸರಿನ ಕಲ್ಲು ನಿಲ್ಲಿಸಿದ್ದರು. ಕಲ್ಲು ಬಾಗಿಲಿಗಿಂತ ದೊಡ್ಡದಾಗಿತ್ತು. ಹೊಳೆಯ ಹೆಸರು ಅದರ ಅಡಿಯಲ್ಲಿ, ಜಾಗ ಉಳಿದಷ್ಟರಲ್ಲಿ.

ಬಾಗಿಲಲ್ಲಿ ಕಾವಲುಗಾರ ಮಾಳಪ್ಪ ಖಾಕಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಕೂತಿದ್ದ. ಸಿದ್ದವ್ವ ಮೊದಲು ಕೇಳಿದ್ದು ನೀರು.

"ಕುಡಿಯಾಕ ನೀರಿಲ್ರೀ ಯವ್ವಾ. ಹೊಟೇಲಿಗೆ ಹೋಗಬೇಕು."

"ಹೊಳೀ ಮ್ಯೂಜಿಯಂ ಅಂತ ಹಚ್ಚೀರಿ, ಕುಡಿಯಾಕ ನೀರಿಲ್ಲ?"

"ಒಳಗ ಐತ್ರಿ ಹೊಳೀ ನೀರು. ಬಾಟ್ಲಿಯಾಗ ಇಟ್ಟಾರ. ನೋಡಬೇಕು, ಕುಡಿಯಂಗಿಲ್ಲ."

ಒಳಗೆ ಶಬಾನಾ ಎಂಬ ಹುಡುಗಿ ಬಂದವರಿಗೆ ವಿವರಣೆ ಹೇಳುತ್ತಿದ್ದಳು. ನರಗುಂದದವಳು, ಬಿ.ಎ. ಮುಗಿಸಿದವಳು, ಮಾತು ಶುರುವಾದರೆ ಪುಸ್ತಕವೇ ಬಾಯಿ ತೆರೆದಂತೆ. "ನಮಸ್ಕಾರ ಅಜ್ಜಾರ, ಬರ್ರಿ" ಎಂದು ನಮ್ಮ ಮಾತಿನಲ್ಲಿ ಕರೆದವಳು, ಮೊದಲನೆಯ ಚಿತ್ರದ ಮುಂದೆ ನಿಂತ ಕೂಡಲೇ, "ನದಿಯು ಮಾನವ ನಾಗರಿಕತೆಯ ತೊಟ್ಟಿಲು" ಎಂದು ಬೇರೆಯೇ ಧ್ವನಿ ತೆಗೆದಳು. ಸಿದ್ದವ್ವ ಬೆಚ್ಚಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೋ ಎಂದು.

ಹತ್ತಿ ತುಂಬುವ ಅಂಡಿಗೆಗಳಿದ್ದವು, ಜೋಳ ಅಳೆಯುವ ಕೊಳಗಗಳಿದ್ದವು, ಹೊಳೆ ಈಜುವ ಎತ್ತುಗಳ ದೊಡ್ಡ ಚಿತ್ರವಿತ್ತು. ಒಂದು ಮೂಲೆಯಲ್ಲಿ ಫೈಬರಿನ ಅಂಬಿಗನ ಗೊಂಬೆ ಹುಟ್ಟು ಹಿಡಿದು ನಿಂತಿತ್ತು. ಮದುಮಗನ ರುಮಾಲು, ಕೆಂಪು ತುಟಿ, ಹುಣ್ಣಿಮೆಯಂಥ ಹೊಟ್ಟೆ. ಹಣೆಗೆ ಯಾರೋ ವಿಭೂತಿ ಹಚ್ಚಿದ್ದರು, ಕಾಲಿನ ಬುಡದಲ್ಲಿ ನಾಲ್ಕು ಹೂವು, ಒಂದು ಬಾಳೆಹಣ್ಣು. ಯಮನೂರಪ್ಪನೂ ಅಭ್ಯಾಸದಂತೆ ಕೈ ಮುಗಿದುಬಿಟ್ಟ.

"ಅಜ್ಜಾರ, ಅದು ದೇವರಲ್ಲ, ಮಾದರಿ," ಅಂದಳು ಶಬಾನಾ.

"ಇರಲಿ ತಂಗಿ. ದೇವರು ಅಂತ ಕೈ ಮುಗದವು ಎಷ್ಟೋ ಆಮ್ಯಾಲ ಗೊಂಬಿ ಅಂತ ಗೊತ್ತಾಗ್ಯಾವು. ಇದು ಮೊದಲ ಹೇಳಿಬಿಟ್ಟತಿ, ಪ್ರಾಮಾಣಿಕ ಐತಿ."

ಶಬಾನಾ ನಕ್ಕಳು. ಮಾಳಪ್ಪ ಹಿಂದಿನಿಂದ, "ನಮ್ಮಪ್ಪನ ಗೊಂಬಿ ಅಂತ್ರಿ ಅದು. ನಮ್ಮಪ್ಪಗ ಹೊಟ್ಟಿನ ಇದ್ದಿದ್ದಿಲ್ಲ. ಹೊಟ್ಟಿಗೆ ಇದ್ರಲ್ಲ ಹೊಟ್ಟಿ ಬರೋದು" ಎಂದ.

"ನಿಮ್ಮಪ್ಪ ಯಾರು?"

"ಅಂಬಿಗರ ಮಹಾಲಿಂಗಪ್ಪ."

ಯಮನೂರಪ್ಪ ಅವನ ಮುಖ ನೋಡಿದ. ಹೊಳೆಯ ಬಳಗವನ್ನೆಲ್ಲ ಬೈದಿದ್ದ ಆ ಬಾಯಿಯೇ ಇಲ್ಲೂ ಇತ್ತು, ಅಗಲ ತುಟಿ, ಒಂದು ಹಲ್ಲಿಲ್ಲ. ಏನೋ ಹೇಳಬೇಕೆನ್ನುವಷ್ಟರಲ್ಲಿ ಸಿದ್ದವ್ವ ಅವನ ತೋಳು ಜಗ್ಗಿದಳು.

ದೋಣಿ ಕೋಣೆಯ ನಡುವೆ, ಕೆಂಪು ಹಗ್ಗದ ಒಳಗೆ ಇತ್ತು. ಕರ್ರಗಿನ ಹಲಗೆ, ಎರಡು ಹಿತ್ತಾಳೆಯ ಕಣ್ಣು. ಎಡಗಣ್ಣು ಹೊಳೆ ನೋಡಿದರೆ ಬಲಗಣ್ಣು ನರಗುಂದದ ಗುಡ್ಡ ನೋಡುತ್ತಿತ್ತು. ಯಮನೂರಪ್ಪ ಗುರುತು ಹಿಡಿದ. ಅದೇ. ಹಗ್ಗ ಹಿಡಿದು ನಿಂತು, "ಯವ್ವಾ, ಬಂದೆವು ನೋಡ. ಆಕಿ ಬರಲಿಲ್ಲ" ಅಂದ.

ಸಿದ್ದವ್ವ ಗಂಟು ಬಿಚ್ಚಲು ಕೂತಳು. ಮಾಳಪ್ಪ ಸೀಟಿ ಊದಿದ.

"ಏ ಯವ್ವಾ, ಒಳಗ ಏನೂ ಬಿಚ್ಚಂಗಿಲ್ಲ!"

ಶಬಾನಾ ಗೋಡೆಯ ಹಲಗೆ ತೋರಿಸಿದಳು. ಮುಟ್ಟಬಾರದು, ಅರಿಶಿನ ಕುಂಕುಮ ಹಚ್ಚಬಾರದು, ಕಾಯಿ ಒಡೆಯಬಾರದು, ಊದಿನಕಡ್ಡಿ ಹಚ್ಚಬಾರದು. "ಹ್ವಾದ ಶ್ರಾವಣದಾಗ ಒಬ್ಬಾಕಿ ಅಜ್ಜಿ ಆ ಗೊಂಬಿಗೆ ಊದಿನಕಡ್ಡಿ ಬೆಳಗಾಕ ಹೋಗಿ ಅದರ ಧೋತರ ಸುಟ್ಟಿದ್ಲು ಅಜ್ಜಾರ. ಎರಡು ದಿನ ಬರೇ ಚಡ್ಡಿ ಮ್ಯಾಲೆ ನಿಂತಿತ್ತು ಪಾಪ. ನನ್ನ ನೌಕರಿನ ಹೋಕ್ಕಿತ್ತು."

ಯಮನೂರಪ್ಪ ಇದ್ದ ಸಂಗತಿಯನ್ನೆಲ್ಲ ಹೇಳಿದ. ಬ್ಯಾನೆ, ಹೊಳೆ, ಹರಕೆ, ಹಾಸಿಗೆಯ ಮೇಲಿನ ಮಾತು. ಶಬಾನಾ ಪುಸ್ತಕದ ಧ್ವನಿ ಬಿಟ್ಟು ಸುಮ್ಮನೆ ಕೇಳಿದಳು. ಆಮೇಲೆ ಬಾಗಿಲ ಕಡೆ ನೋಡಿ, "ಲಗೂ ಮಾಡ್ರಿ ಅಜ್ಜಾರ. ನಾ ಆಚೀ ಕೋಣೆಯಾಗ ಎತ್ತಿನ ಚಿತ್ರ ಒರಸತೀನಿ. ಕುಂಕುಮ ಮಾತ್ರ ಹಚ್ಚಬ್ಯಾಡ್ರಿ, ಹೋಗಂಗಿಲ್ಲ ಅದು" ಎಂದು ಹೊರಟಳು.

ಆದರೆ ಈಗ ಸಿದ್ದವ್ವ ಅಡ್ಡ ನಿಂತಳು. ದೋಣಿಯ ಸುತ್ತ ಒಂದು ಸುತ್ತು ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಮಾವಾ, ಇಲ್ಲಿ ಉಡಿ ಎಲ್ಲೈತಿ?"

"ಏನು?"

"ಕಣ್ಣ ಅದಾವು, ಮೂತಿ ಐತಿ. ಕುತ್ತಿಗಿ ಕೆಳಗ ಕೊಯ್ದು ಬಿಟ್ಟಾರ. ನಡುವಿಂದು ಇಲ್ಲ, ಹಿಂದಿಂದು ಇಲ್ಲ. ಉಡಿ ತುಂಬೋದು ಎಲ್ಲೆ? ಮೂತಿಗೆ ತುಂಬಲೇನು?"

ಯಮನೂರಪ್ಪ ನೋಡಿದ. ಹೌದು. ಕಣ್ಣಿಗೆ ಕಣ್ಣು ಕೊಟ್ಟು ನಿಂತವನಿಗೆ ಹಿಂದೆ ಏನೂ ಇಲ್ಲವೆಂಬುದು ತೋಚಿರಲಿಲ್ಲ. ದೋಣಿಯ ಮುಂಭಾಗ ಒಂದೇ, ಕಬ್ಬಿಣದ ಕಾಲಿನ ಮೇಲೆ ಕೂತಿತ್ತು.

"ಇಷ್ಟ ಸಾಕು ಬಿಡು ಸಿದ್ದಿ. ದೋಣಿಗೆ ಮುಟ್ಟಿದ್ರ ಆತು."

"ಹ್ಯಾಂಗ ಸಾಕು? ನಾಳಿ ನನಗ ಯಾರರ ಉಡಿ ತುಂಬಾಕ ಬಂದು ಮೂಗಿನಾಗ ಅಕ್ಕಿ ಹಾಕಿದ್ರ ನಾ ಸುಮ್ಮನಿರತೀನೇನು?" ಗೋಡೆಯಾಚೆಗೆ ಕೂಗಿದಳು, "ಏ ತಂಗೀ, ಇದರ ಉಳದಿದ್ದು ಎಲ್ಲೈತಿ?"

ಶಬಾನಾ ಎತ್ತಿನ ಚಿತ್ರ ಬಿಟ್ಟು ಓಡಿ ಬಂದಳು. ಪುಸ್ತಕದ ಧ್ವನಿ ತಾನಾಗಿ ಬಂತು. "ಇದು ದೋಣಿಯ ಮುಂಭಾಗ ಮಾತ್ರ. ಉಳಿದ ಭಾಗವು ಕಾಲಾಂತರದಲ್ಲಿ ನಶಿಸಿಹೋಗಿದೆ."

ಮಾಳಪ್ಪ ಕೆಮ್ಮಿದ. ಕೆಮ್ಮು ಬಂದು ಕೆಮ್ಮಿದಂತಿರಲಿಲ್ಲ. ಸಿದ್ದವ್ವ ಅದನ್ನು ಕೈಬಿಡುವವಳೇ?

"ಯಪ್ಪಾ, ನೀ ಯಾಕ ಕೆಮ್ಮಿದಿ?"

"ಧೂಳ್ರೀ."

"ಮಹಾಲಿಂಗಪ್ಪನ ಮಗ ನೀನು. ದೋಣಿಯ ಮೂತಿ ಮ್ಯೂಜಿಯಂಗೆ ಕೊಟ್ಟಿ. ಹೊಟ್ಟಿ ಎಲ್ಲಿ ಇಟ್ಟೀ?"

ಮಾಳಪ್ಪ ಶಬಾನಾಳನ್ನು ನೋಡಿದ. ಶಬಾನಾ ಮೇಲೆ ಮಾಡಿನ ಕಡೆ ನೋಡಿದಳು. "ನಾ ಎತ್ತಿನ ಚಿತ್ರ ಪೂರಾ ಒರಸಿಲ್ಲ ಮಾಳಪ್ಪಣ್ಣ," ಎಂದು ಮತ್ತೆ ಹೋದಳು.

ಮಾಳಪ್ಪ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು, ಹತ್ತಿರ ಬಂದು, ಪಿಸುಮಾತಿನಲ್ಲಿ ಹೇಳಿದ: "ಹೊರಗ ಬರ್ರಿ. ಸಾಹುಕಾರ್ರ ಕಿವಿಗೆ ಬೀಳಬಾರದು ಮತ್ತ. ಗೊತ್ತಾದ್ರ ಅದನ್ನೂ ಎತ್ತಿಕೊಂಡು ಬಂದು ಹಗ್ಗ ಕಟ್ಟತಾರ. ಆಮ್ಯಾಲೆ ನಮ್ಮ ಎಮ್ಮಿ ಎಲ್ಲಿ ತಿನ್ನಬೇಕು?"

ಮಾಳಪ್ಪನ ಮನೆ ಹೊಳೆಯ ದಂಡೆಗೇ ಇತ್ತು. ದಾರಿಯಲ್ಲಿ ಎಲ್ಲ ಹೇಳಿದ. ಅಪ್ಪ ತೀರಿದ ಮೇಲೆ ದೋಣಿ ಹಿತ್ತಲಲ್ಲಿ ಬಿದ್ದಿತ್ತು. ಒಂದು ವರ್ಷ ಹೊಳೆ ಬಂದಾಗ ಕೊಟ್ಟಿಗೆಯ ಗೋದಲಿ ಕೊಚ್ಚಿಕೊಂಡು ಹೋಯಿತು. ಎಮ್ಮೆ ನೆಲದ ಮೇಲಿನ ಹೊಟ್ಟು ತಿನ್ನಲು ಒಲ್ಲೆ ಅಂತು. ಆಗ ಗಾಳೆವ್ವ, ಅವನ ಹೆಂಡತಿ, ದೋಣಿ ತೋರಿಸಿ ಇದನ್ನೇ ಇಡು ಅಂದಳು. ಮೂತಿ ಉದ್ದವಾಗಿ ಬಾಗಿಲಿಗೆ ಅಡ್ಡ ಬರುತ್ತಿತ್ತು, ಗರಗಸದಿಂದ ಕೊಯ್ದಿಟ್ಟಿದ್ದ. ಮ್ಯೂಜಿಯಮ್ಮಿನವರು ಹಳೆಯ ಸಾಮಾನು ಕೇಳುತ್ತ ಬಂದಾಗ ಆ ಮೂತಿಯನ್ನೇ ಕೊಟ್ಟ. ಕೊಟ್ಟವನಿಗೆ ನೌಕರಿ ಸಿಕ್ಕಿತು. ಈಗ ಹಗಲು ದೋಣಿಯ ತಲೆ ಕಾಯುತ್ತಾನೆ, ಮನೆಗೆ ಬಂದು ಹೊಟ್ಟೆ ತುಂಬಿಸುತ್ತಾನೆ.

ಕೊಟ್ಟಿಗೆಯಲ್ಲಿ ಎಮ್ಮೆ ತಲೆ ತಗ್ಗಿಸಿ ತಿನ್ನುತ್ತಿತ್ತು. ಅದರ ಮುಂದೆ ದೋಣಿಯ ನಡು, ಅಗಲವಾಗಿ, ಆಳವಾಗಿ, ಹಲಗೆಯ ಅಂಚು ಎಮ್ಮೆಯ ಕೊರಳು ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಯಮನೂರಪ್ಪ ಬಗ್ಗಿ ನಡುವಿನ ಅಡ್ಡಹಲಗೆಯ ಮೇಲೆ ಕೈಯಾಡಿಸಿದ. ಸಕ್ರವ್ವ ಹಿಡಿದಿದ್ದು ಇದನ್ನೇ.

"ಇದು ಉಡಿ!" ಅಂದಳು ಸಿದ್ದವ್ವ. "ನೋಡ ಮಾವಾ, ತುಂಬಿದ ಉಡಿ! ಜೋಳದ ಕಣಕಿ ತುಂಬೈತಿ ಅಷ್ಟ."

ಗಾಳೆವ್ವ ಒಳಗಿಂದ ಬಂದಳು. ಸಂಗತಿ ಕೇಳಿ, ಸೆರಗು ಹೊದ್ದುಕೊಂಡು, "ಅಯ್ಯ ನಮ್ಮವ್ವಾ, ತುಂಬ್ರಿ ತುಂಬ್ರಿ. ಆದ್ರ ಎಮ್ಮಿ ಬಿಡಸಾಕ ಹೋಗಬ್ಯಾಡ್ರಿ, ತುಂಬಿದ ಬಸುರಿ ಐತಿ, ತಿನ್ನೂ ಮುಂದ ಮುಟ್ಟಿದ್ರ ಹಾಯತೈತಿ" ಎಂದಳು.

"ಅಂದೂ ಇದರಾಗ ಬಸುರಿನ ಕುಂತಿದ್ಲು," ಅಂದ ಯಮನೂರಪ್ಪ. "ಇರಲಿ ಬಿಡು, ಆಕಿ ಜಾಗಾದಾಗ ಆಕಿ ಇರಲಿ."

ಹೀಗೆ ಎಮ್ಮೆಯ ತಲೆಯ ಅತ್ತಿತ್ತ ಪೂಜೆ ನಡೆಯಿತು. ಸಿದ್ದವ್ವ ಅಡ್ಡಹಲಗೆಗೆ ಅರಿಶಿನ ಹಚ್ಚಿದಳು, ಕುಂಕುಮ ಹಚ್ಚಿದಳು. ಎಮ್ಮೆ ಮೂಗು ತೂರಿಸಿತು, ಅದಕ್ಕೂ ಅಷ್ಟು ಹತ್ತಿತು. ಅಕ್ಕಿಯ ಮೊದಲ ಮುಷ್ಟಿ ಹಾಕುವಾಗ ಎಮ್ಮೆ ಸೀನಿತು. ಸಿದ್ದವ್ವ ಮುಖ ಒರೆಸಿಕೊಂಡು, "ಪ್ರಸಾದ ಕೊಟ್ಟಳು ತಾಯಿ" ಎಂದು ಎರಡನೆಯ ಮುಷ್ಟಿ ಹಾಕಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಎಲೆ ಅಡಿಕೆ. ಬೆಲ್ಲ ಇಡುವಷ್ಟರಲ್ಲಿ ಇರಲಿಲ್ಲ.

ಕಡೆಗೆ ಸಿದ್ದವ್ವ ಗಂಟಿನಿಂದ ಖಣ ತೆಗೆದಳು. ಚರಚರ ಅಂತು. ಅವಳ ಕೈ ನಿಂತಿತು.

"ಇದ್ಯಾವ ಖಣ?"

"ಅದ. ನಿಮ್ಮ ಅಕ್ಕಂದು."

"ಮಾವಾ, ಅಕ್ಕ ಖಣ ತರೂ ಮುಂದ ಅಂಗಡ್ಯಾಗ ಆಕಿ ಬಾಜೂಕ ಕುಂತಾಕಿ ನಾನು. ಆ ಟ್ರಂಕಿನಾಗ ವರ್ಷಾ ಬೇವಿನ ಎಲಿ ಹಾಕಿದಾಕಿ ನಾನು. ಇದು ಪ್ಲಾಸ್ಟಿಕ್ ಐತಿ. ಇದರಾಗ ಕುಬಸ ಹೊಲಸಿಕೊಂಡ್ರ ದೋಣೆವ್ವಗ ಬೆವರಸಾಲಿ ಏಳತಾವು. ಅಕ್ಕನ ಖಣ ಎಲ್ಲಿ?"

"ಹುಳ ತಿಂದಾವು."

"ಬೇವಿನಾಗ ಹುಳ?"

ಯಮನೂರಪ್ಪನ ಎಡಗೈ ತಾನಾಗಿ ಎದೆಗೆ ಹೋಯಿತು. ಸಿದ್ದವ್ವ ಆ ಕೈ ನೋಡಿದಳು, ಅವನ ಮುಖ ನೋಡಿದಳು. ಬಸ್ಸಿನ ಗುಂಡಿಗಳೆಲ್ಲ ಅವಳಿಗೆ ಈಗ ಅರ್ಥವಾದವು.

"ಗ್ಯಾಸು ಅಂದೆಲ್ಲ," ಅಂದಳು ಮೆಲ್ಲಗೆ. ಬೈಯಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ, ಅಲ್ಲಿಗೆ ಜಗಳವಾಗಿ ಖಣ ಉಳಿಯುತ್ತಿತ್ತು. "ಹನಮಪ್ಪಗ ಮೋಸ ಮಾಡು ಮಾವಾ, ಅಂವಗ ರೂಢಿ ಐತಿ. ಅಕ್ಕಗ ಮಾಡಬ್ಯಾಡ. ಆಕಿ ದಂಡಿ ಮ್ಯಾಲ ಕುಂತಾಳ."

ಗಾಳೆವ್ವನೂ ಮಾಳಪ್ಪನೂ ಬೇರೆ ಕಡೆ ನೋಡಿದರು. ಎಮ್ಮೆ ಮಾತ್ರ ತಲೆ ಎತ್ತಿ, ಮೂಗಿನ ಮೇಲೆ ಕುಂಕುಮ ಇಟ್ಟುಕೊಂಡು, ಯಮನೂರಪ್ಪನನ್ನೇ ನೋಡುತ್ತ ಮೆಲುಕಾಡಿತು.

ಅವನಿಗೆ ಸಿಟ್ಟು ಬಂತು. ಸಕ್ರವ್ವನನ್ನು ಒಯ್ದವನ ಮೇಲೆ ಬಂತು. ನೀನು ಅವಳ ದನಿ ಒಯ್ದೆ, ನಡಿಗೆ ಒಯ್ದೆ, ಮುಂಜಾನೆ ಒಲೆಯ ಮುಂದೆ ಕೂತು ನನ್ನನ್ನು ಬೈಯುವುದನ್ನು ಒಯ್ದೆ. ಒಂದು ಗೇಣು ಬಟ್ಟೆಯ ವಾಸನೆ ಉಳಿಸಿದ್ದೆ, ಅದಕ್ಕೂ ಬಂದೆಯಾ? ಮನಸ್ಸಿನೊಳಗೇ ಇಷ್ಟೂ ಹೇಳಿದ. ಆದರೆ ನಡು ಹೊಳೆಯಲ್ಲಿ ತಾನು ಕಣ್ಣು ಮುಚ್ಚಿಕೊಂಡಾಗ ಅವಳು ಕಣ್ಣು ತೆರೆದು ಮಾತು ಕೊಟ್ಟಿದ್ದಳು. ಕೊಟ್ಟವಳು ಅವಳು. ಇಟ್ಟುಕೊಳ್ಳಲು ತಾನ್ಯಾರು?

ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿನೊಳಗೆ ಕೈ ಹಾಕಿ, ಖಣ ತೆಗೆದ. ಬೆವರಿಗೆ ಸ್ವಲ್ಪ ಒದ್ದೆಯಾಗಿತ್ತು. ಒಮ್ಮೆ ಮೂಸಿದ, ಯಾರ ನಾಚಿಕೆಯೂ ಇಲ್ಲದೆ, ಎಲ್ಲರ ಮುಂದೆ. ಬೇವು ಇತ್ತು. ತಲೆಯೆಣ್ಣೆ ಯಾವಾಗಲೋ ಹೋಗಿತ್ತು, ತನ್ನ ಬೆವರೇ ಉಳಿದಿತ್ತು. ಇಷ್ಟು ದಿನ ತಾನು ತನ್ನನ್ನೇ ಮೂಸಿಕೊಂಡು ಮಲಗುತ್ತಿದ್ದೆನಲ್ಲ ಎಂದು ಅವನಿಗೆ ಆ ಹೊತ್ತಿನಲ್ಲೂ ನಗು ಬಂದಂತಾಯಿತು.

"ತಗೋ ಸಿದ್ದಿ."

ಸಿದ್ದವ್ವ ಖಣವನ್ನು ಕಣ್ಣಿಗೆ ಒತ್ತಿಕೊಂಡು, ಮಡಿಕೆ ಸರಿಮಾಡಿ, ದೋಣಿಯ ಉಡಿಯಲ್ಲಿ ಅಕ್ಕಿಯ ಮೇಲೆ ಇಟ್ಟಳು. "ದೋಣೆವ್ವಾ, ನಮ್ಮಕ್ಕ ಮುಂದಿನ ಸಲ ಬರತೀನಿ ಅಂದಿದ್ಲು. ಇದ ಮುಂದಿನ ಸಲ. ಆಕಿನ್ನ ದಾಟಸು" ಎಂದಳು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು.

ಅದೇ ತಪ್ಪಾಯಿತು. ಈ ಸಲ ಕಣ್ಣು ತೆರೆದಿದ್ದು ಎಮ್ಮೆ ಒಂದೇ.

"ಹಾಳಾಗಿ ಹೋಗು ನಿನ್ನ!" ಎಂದು ಗಾಳೆವ್ವ ಕೂಗಿ ಹಾರಿದಳು. ಖಣದ ಒಂದು ಮೂಲೆ ಎಮ್ಮೆಯ ಬಾಯೊಳಗೆ ಹೋಗಿತ್ತು. ಗಾಳೆವ್ವ ಒಂದು ಕಡೆ, ಎಮ್ಮೆ ಒಂದು ಕಡೆ. ಮಾಳಪ್ಪ ಏನೂ ತೋಚದೆ ಸೀಟಿ ಊದಿದ. ಎಮ್ಮೆ ಆ ಸದ್ದಿಗೆ ಬೆರಗಾಗಿ ಬಾಯಿ ಬಿಟ್ಟಿತು. ಮ್ಯೂಜಿಯಮ್ಮಿನ ಸೀಟಿಯ ಮಾತು ಕೇಳಿದ್ದು ಅದೊಂದೇ.

ಗಾಳೆವ್ವ ಖಣ ಬಿಡಿಸಿ ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಅಂಗೈಯಷ್ಟು ತೂತು. ಯಮನೂರಪ್ಪನ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ.

"ಯಣ್ಣಾ," ಅಂದಳು ಗಾಳೆವ್ವ, "ಉಡಿ ತುಂಬಿದ ಮ್ಯಾಲ ಖಣ ಆ ಮನೀ ಹೆಣ್ಣಮಗಳದು ಅಲ್ಲೇನು? ದೋಣಿಗೆ ಉಡಾಕ ಬರಂಗಿಲ್ಲ, ಎಮ್ಮಿ ತಿಂದಷ್ಟು ತಿಂದತಿ. ನಾ ಇದನ್ನ ಕುಬಸ ಹೊಲಸಿಕೊಂಡು ಮೈಮ್ಯಾಲ ಹಾಕ್ಕೊಳ್ಳಲೇನು? ನೀವು ಒಲ್ಲೆ ಅಂದ್ರ ಹೊಳಿಗೆ ಬಿಡತೀನಿ."

ಯಮನೂರಪ್ಪ ಹೊಳೆಯ ಕಡೆ ನೋಡಿದ. ನಡುವಿನಲ್ಲಿ ಒಂದು ಹರಿವು ಇತ್ತು, ಉಳಿದದ್ದು ಮರಳು, ಜಾಲಿ. ಟ್ರಂಕಿನೊಳಗೆ ಒಂದು ದಿನವೂ ಯಾರ ಮೈಮೇಲೂ ಹತ್ತದೆ ಮುದುಕಿಯಾದ ಖಣ. ಸಕ್ರವ್ವ ಎಷ್ಟೋ ಸಲ ಅದನ್ನು ತೆಗೆದು ಭುಜದ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, ದೇವರದು ಎಂದು ಮತ್ತೆ ಮಡಚಿ ಇಟ್ಟಿದ್ದಳು.

"ಹಾಕ್ಕೊಳ್ಳವಾ. ಆದ್ರ ಹರದೈತಲ್ಲ."

"ಹರದಿದ್ದು ಕಂಕುಳದಾಗ ಬರೂಹಂಗ ಕತ್ತರಸ್ತೀನಿ. ತ್ಯಾಪಿ ಹಚ್ಚಿದ್ರ ಯಾರಿಗೂ ಕಾಣಂಗಿಲ್ಲ."

ಯಮನೂರಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎದೆ ಖಾಲಿಯಾಗಿ ತಣ್ಣಗಿತ್ತು. ಗಾಳೆವ್ವ ಖಣವನ್ನು ಭುಜದ ಮೇಲೆ ಹಾಕಿ ಅಳತೆ ನೋಡಿಕೊಂಡಳು.

"ನಮ್ಮಾಕಿನೂ ಹಂಗ ಹೊಲಿತಿದ್ಲು," ಅಂದ ಅವನು. "ಎಲ್ಲಾ ತ್ಯಾಪಿನೂ ಕಂಕುಳದಾಗ. ಕೈ ಎತ್ತಿ ಜಗಳಾಡೂ ಮುಂದಷ್ಟ ಕಾಣತಿದ್ದೂ."

"ಹಂಗಾರ ದಿನಾ ಕಾಣತಿದ್ದೂ ಅನ್ನು," ಅಂದಳು ಸಿದ್ದವ್ವ, ಮೂಗು ಒರೆಸಿಕೊಂಡು.

ರೋಣದ ಚರಚರ ಖಣ ಗಂಟಿನಲ್ಲೇ ಉಳಿದಿತ್ತು. ಅದನ್ನು ಏನು ಮಾಡುವುದು ಎಂದು ಸಿದ್ದವ್ವ ಕೇಳಿದಳು. ಯಮನೂರಪ್ಪ ಒಂದು ಗಳಿಗೆ ಯೋಚಿಸಿ ಮಾಳಪ್ಪನ ಕೈಗೆ ಕೊಟ್ಟ.

"ನಿಮ್ಮಪ್ಪನ ಗೊಂಬಿಗೆ ಸುತ್ತಪಾ. ಮತ್ತ ಯಾವಾಕಿನರ ಊದಿನಕಡ್ಡಿ ಹಿಡಕೊಂಡು ಬಂದ್ರ ಪಾಪ, ಬರೇ ಚಡ್ಡಿ ಮ್ಯಾಲ ನಿಲ್ಲೂದು ಬ್ಯಾಡ."